ಎರಡು ಪದ ಇದ್ದರೆ ಡಿಗ್ರಿ ಒಂದೇನಾ?

ಪ್ರಶ್ನೆ: ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಮನೆಯಲ್ಲೇ ಟ್ಯೂಷನ್ ಮಾಡುತ್ತೇನೆ. 9ನೇ ತರಗತಿಯ ಮಕ್ಕಳು ಬೀಜಗಣಿತದ ಬಹುಪದೋಕ್ತಿಗಳನ್ನು (ಪಾಲಿನಾಮಿಯಲ್) ವಿಂಗಡಿಸುವಾಗ ಪದಗಳ ಸಂಖ್ಯೆಗೂ ಡಿಗ್ರಿಗೂ ಗೊಂದಲ ಮಾಡಿಕೊಳ್ಳುತ್ತಾರೆ. ವ್ಯಾಖ್ಯೆ ಬಾಯಿಪಾಠ ಬರುತ್ತದೆ, ಲೆಕ್ಕ ಕೊಟ್ಟರೆ ತಪ್ಪುತ್ತಾರೆ. ಹೇಗೆ ಹೇಳಿಕೊಡಲಿ?

ಉತ್ತರ: ಇದರಲ್ಲಿ ಮಕ್ಕಳ ತಪ್ಪಿಗಿಂತ ನಾವು ಬೋರ್ಡಿನ ಮೇಲೆ ಬರೆಯುವ ಉದಾಹರಣೆಗಳ ತಪ್ಪು ಜಾಸ್ತಿ. ರೇಖಾತ್ಮಕಕ್ಕೆ ಏನು ಬರೆಯುತ್ತೇವೆ? 2ಕ + 3. ವರ್ಗಕ್ಕೆ ಕ² + 5ಕ + 6. ಘನಕ್ಕೆ ಕ³ + 3ಕ² + 3ಕ + 1. (ಪುಸ್ತಕದ ಎಕ್ಸ್ ಬದಲು ನಾನಿಲ್ಲಿ ‘ಕ’ ಹಾಕಿದ್ದೇನೆ. ಅಕ್ಷರ ಬದಲಾದರೆ ಸಾಕು, ಕೆಲವು ಮಕ್ಕಳು ಗಾಬರಿಯಾಗುತ್ತಾರೆ. ನೀವೂ ಆಗಾಗ ಬದಲಿಸಿ ನೋಡಿ.)

ಈ ಮೂರರಲ್ಲಿ ಪದ, ಅಂದರೆ + ಅಥವಾ − ಚಿಹ್ನೆಯಿಂದ ಬೇರೆಯಾದ ತುಂಡುಗಳನ್ನು, ಎಣಿಸಿ. ಎರಡು, ಮೂರು, ನಾಲ್ಕು. ಡಿಗ್ರಿ, ಅಂದರೆ ‘ಕ’ದ ತಲೆಯ ಮೇಲಿನ ಅತಿ ದೊಡ್ಡ ಘಾತ, ಒಂದು, ಎರಡು, ಮೂರು. ಚುರುಕಾದ ಮಗು ಇದನ್ನು ಗಮನಿಸುತ್ತದೆ. ‘ಪದ ಎಣಿಸು, ಒಂದು ಕಳೆ, ಅದೇ ಡಿಗ್ರಿ’ ಎಂದು ತನ್ನಷ್ಟಕ್ಕೆ ಒಂದು ನಿಯಮ ಮಾಡಿಕೊಳ್ಳುತ್ತದೆ. ಯಾರೂ ಹೇಳಿಕೊಟ್ಟದ್ದಲ್ಲ, ಆದರೆ ಸರಿ ಉತ್ತರ ಬರುತ್ತಲೇ ಇರುತ್ತದೆ. ಆಮೇಲೆ ಪರೀಕ್ಷೆಯಲ್ಲಿ ಕ² − 9 ಬಂದಾಗ ‘ಎರಡು ಪದ, ಹಾಗಾಗಿ ರೇಖಾತ್ಮಕ’ ಎಂದು ಬರೆದು ಬರುತ್ತದೆ.

ಮೊದಲು ಬೇಕಾದದ್ದು ಇವು ಎರಡು ಬೇರೆ ಬೇರೆ ಪ್ರಶ್ನೆ ಎಂಬ ಅರಿವು. ನಿಮ್ಮ ಮಕ್ಕಳು ದಿನಾ ಲೋಕಲ್ ರೈಲಿನ ಸ್ಟೇಷನ್ ನೋಡುವವರು. ಇಂಡಿಕೇಟರ್‌ನಲ್ಲಿ ಗಾಡಿಗೆ ಎಷ್ಟು ಡಬ್ಬಿ ಎಂದೂ ಬರುತ್ತದೆ, ಫಾಸ್ಟೋ ಸ್ಲೋನೋ ಎಂದೂ ಬರುತ್ತದೆ. 12 ಡಬ್ಬಿಯ ಗಾಡಿ ಎರಡೂ ಥರ ಇರುತ್ತದೆ. ಡಬ್ಬಿ ಎಣಿಸಿ ವೇಗ ಹೇಳಲಾಗುವುದಿಲ್ಲ, ಅಲ್ವಾ? ಇಷ್ಟು ಹೇಳಿದರೆ ಸಾಕು, ಇದನ್ನೇ ಎಳೆಯಬೇಡಿ.

ಆದರೆ ಮಗುವಿನ ನಿಯಮವನ್ನು ಸುಮ್ನೆ ‘ತಪ್ಪು’ ಎಂದು ಅಳಿಸಿಹಾಕುವುದು ನನಗೆ ಇಷ್ಟವಿಲ್ಲ. ಅದರಲ್ಲಿ ಅರ್ಧ ಸತ್ಯವಿದೆ. ಮಹಾರಾಷ್ಟ್ರ ಬೋರ್ಡಿನ ಪುಸ್ತಕದಲ್ಲಿ ಬಹುಪದೋಕ್ತಿಯನ್ನು ಸಹಗುಣಕ ರೂಪದಲ್ಲಿ ಬರೆಯುವುದನ್ನು ಕಲಿಸುತ್ತಾರೆ: ದೊಡ್ಡ ಘಾತದಿಂದ ಶುರುಮಾಡಿ ಅಕ್ಷರದ ಜೊತೆಗಿನ ಸಂಖ್ಯೆಗಳನ್ನಷ್ಟೇ ಸಾಲಾಗಿ ಬರೆಯುವುದು, ಇಲ್ಲದ ಘಾತಕ್ಕೆ ಸೊನ್ನೆ ಹಾಕುವುದು. ಕ³ − 1 ಅನ್ನು ಹಾಗೆ ಬರೆದರೆ (1, 0, 0, −1). ಇಲ್ಲಿ ಜಾಗ ನಾಲ್ಕು, ಡಿಗ್ರಿ ಮೂರು. ಒಂದೇ ಚರಾಕ್ಷರ (‘ಕ’ ಥರದ ಅಕ್ಷರ) ಇರುವಾಗ ಜಾಗ ಯಾವಾಗಲೂ ಡಿಗ್ರಿಗಿಂತ ಒಂದು ಜಾಸ್ತಿ, ಯಾಕೆಂದರೆ ಕೊನೆಯಲ್ಲಿ ಸ್ಥಿರ ಸಂಖ್ಯೆಗೂ ಒಂದು ಜಾಗ ಬೇಕು. ಸೊನ್ನೆ ಇಲ್ಲದ ಜಾಗಗಳಷ್ಟೇ ಪದಗಳು. ಬೋರ್ಡಿನ ಮೇಲಿನ ಮೂರೂ ಉದಾಹರಣೆಗಳಲ್ಲಿ ಸೊನ್ನೆಯೇ ಇರಲಿಲ್ಲ, ಅದಕ್ಕೇ ಲೆಕ್ಕ ಕೂಡಿಬಂತು. ಮಗು ಎಣಿಸಬೇಕಾಗಿದ್ದದ್ದು ಜಾಗಗಳನ್ನು, ಎಣಿಸಿದ್ದು ಪದಗಳನ್ನು.

ಇದಾದ ಮೇಲೆ ಒಂದು ಖಾಲಿ ಕೋಷ್ಟಕ ಕೊಡಿ. ಅಡ್ಡಕ್ಕೆ ಡಿಗ್ರಿ 1, 2, 3. ಉದ್ದಕ್ಕೆ ಪದ 1, 2, 3. ಒಂಬತ್ತು ಮನೆಗೂ ಉದಾಹರಣೆ ಅವರೇ ಬರೆಯಲಿ. 5ಕ, ಕ² − 9, ಕ³ + ಕ, ಹೀಗೆ ಎಲ್ಲ ತುಂಬುತ್ತಾರೆ, ಒಂದು ಮನೆ ಮಾತ್ರ ಉಳಿಯುತ್ತದೆ: ಡಿಗ್ರಿ ಒಂದು, ಪದ ಮೂರು. ಸ್ವಲ್ಪ ಹೊತ್ತು ಒದ್ದಾಡಲಿ ಬಿಡಿ. ಡಿಗ್ರಿ ಒಂದಕ್ಕೆ ಜಾಗವೇ ಎರಡು, ಮೂರನೇ ಪದ ಎಲ್ಲಿ ಕೂರುತ್ತದೆ? ಯಾರಾದರೊಬ್ಬರು ‘ಇನ್ನೊಂದು ಅಕ್ಷರ ತರಬಹುದಾ ಟೀಚರ್’ ಎಂದು ಕೇಳಿದರೆ ನಿಮ್ಮ ಪಾಠ ಗೆದ್ದಂತೆ. ಕ + ಗ + 4: ಮೂರು ಪದ, ಡಿಗ್ರಿ ಒಂದು. ಅದೇ ಉಸಿರಲ್ಲಿ ಕ²ಗ³ ಕೊಟ್ಟು ನೋಡಿ. ಒಂದೇ ಪದ, ಘಾತಗಳನ್ನು ಕೂಡಿಸಿದರೆ ಡಿಗ್ರಿ 5.

ವಿಂಗಡಿಸುವ ಮುಂಚೆ ಎರಡು ಕೆಲಸ ಇವೆ. ಒಂದು, ಇದು ಬಹುಪದೋಕ್ತಿ ಹೌದೋ ಅಲ್ಲವೋ ನೋಡುವುದು. ಚರಾಕ್ಷರದ ಘಾತ 0, 1, 2, 3 ಹೀಗೆ ಪೂರ್ಣ ಸಂಖ್ಯೆಯಾಗಿರಬೇಕು. √2 ಗುಣಿಸು ಕ, ಸರಿ. √ಕ, ಅಲ್ಲ, ಅದರ ಘಾತ ½. 3/ಕ ಕೂಡ ಅಲ್ಲ, ಘಾತ −1. ವರ್ಗಮೂಲದ ಚಿಹ್ನೆ ಕಂಡ ಕೂಡಲೇ ‘ಅಲ್ಲ’ ಎನ್ನುವ ಮಕ್ಕಳಿಗೆ ಚಿಹ್ನೆಯ ಒಳಗೆ ಯಾರಿದ್ದಾರೆ ಎಂದು ಕೇಳಿ.

ಎರಡು, ಬಿಡಿಸಿ ಬರೆಯುವುದು. ಒಂದು ಖೋಲಿಯ ಅಗಲ ಕ ಅಡಿ, ಉದ್ದ ಅದಕ್ಕಿಂತ ಎರಡು ಅಡಿ ಜಾಸ್ತಿ ಎನ್ನಿ. ವಿಸ್ತೀರ್ಣ ಕ(ಕ + 2). ಹಾಗೇ ನೋಡಿದರೆ ಎಲ್ಲೂ ವರ್ಗ ಕಾಣುವುದಿಲ್ಲ, ಬಿಡಿಸಿದರೆ ಕ² + 2ಕ. ಇದರ ತಿರುಗುಮುರುಗು (ಕ + 1)² − ಕ². ನೋಡಲು ವರ್ಗ, ಬಿಡಿಸಿದರೆ ಬರೀ 2ಕ + 1.

ಸೊನ್ನೆಯ ಬಗ್ಗೆ ಯಾರಾದರೂ ಕೇಳಿಯೇ ಕೇಳುತ್ತಾರೆ. 7ರ ಡಿಗ್ರಿ 0. ಸೊನ್ನೆ ಬಹುಪದೋಕ್ತಿಗೆ ಮಾತ್ರ ಶಾಲೆಯ ಪುಸ್ತಕಗಳು ಡಿಗ್ರಿ ಕೊಡುವುದಿಲ್ಲ. ಎರಡು ಬಹುಪದೋಕ್ತಿ ಗುಣಿಸಿದಾಗ ಡಿಗ್ರಿಗಳು ಕೂಡಬೇಕು. ಸೊನ್ನೆಯನ್ನು ಕ²ದಿಂದ ಗುಣಿಸಿದರೂ ಸೊನ್ನೆಯೇ. ಸೊನ್ನೆಗೆ ಡಿಗ್ರಿ 0 ಎಂದರೆ 0 + 2 = 0 ಎನ್ನಬೇಕಾಗುತ್ತದೆ.

‘ಡಿಗ್ರಿ ತಿಳಿದು ಏನು ಮಾಡೋದು?’ ಎನ್ನುವ ಮಗುವಿಗೆ ಆಟೋ ಮೀಟರ್ ತೋರಿಸಿ. ಮುಂಬೈನಲ್ಲಿ 2025ರ ಫೆಬ್ರವರಿಯ ದರದಂತೆ ಮೊದಲ ಒಂದೂವರೆ ಕಿಲೋಮೀಟರಿಗೆ 26 ರೂಪಾಯಿ, ಆಮೇಲೆ ಕಿಲೋಮೀಟರಿಗೆ 17.14. ಚಿಲ್ಲರೆ ಸರಿಮಾಡುವುದನ್ನು ಬಿಟ್ಟರೆ, ಅಲ್ಲಿಂದ ಮುಂದೆ ಪ್ರತಿ ಕಿಲೋಮೀಟರಿಗೂ ಏರಿಕೆ ಒಂದೇ: ಡಿಗ್ರಿ ಒಂದು. 1, 4, 9, 16, 25ರಲ್ಲಿ ಏರಿಕೆ 3, 5, 7, 9. ಆ ಏರಿಕೆಗಳ ನಡುವಿನ ವ್ಯತ್ಯಾಸ ಎಲ್ಲೆಡೆ 2, ಅಂದರೆ ಎರಡನೇ ಸಾಲಿನಲ್ಲಿ ನಿಂತಿತು: ಡಿಗ್ರಿ ಎರಡು. 1, 8, 27, 64, 125 ಕೊಟ್ಟು ಮಕ್ಕಳಿಂದಲೇ ಕಳೆಸಿ. ಮೂರನೇ ಸಾಲಿನಲ್ಲಿ 6, 6 ಬರುತ್ತದೆ: ಡಿಗ್ರಿ ಮೂರು.