22 ಕ್ಯಾರೆಟ್ ಸರಿ, ಉಳಿದ 2 ಏನು?

ಆಭರಣ ಲೋಹಗಳ ಪಾಠ ಶುರುವಾದ ಕೂಡಲೇ ಎಲ್ಲರೂ ಬಾಯಿಪಾಠ ಮಾಡುವುದು 916, 750, 925, 950 ಅನ್ನುವ ಅಂಕಿಗಳನ್ನು, ಅಂದರೆ ಸಾವಿರ ಪಾಲಿನಲ್ಲಿ ಮುಖ್ಯ ಲೋಹ ಎಷ್ಟು ಪಾಲು ಅನ್ನುವುದನ್ನು. ಮಾಡಿ, ತಪ್ಪಿಲ್ಲ. ಆದರೆ ನನಗೆ ಪಾಠ ತಲೆಗೆ ಹತ್ತಿದ್ದು ಇವನ್ನು 1000ದಲ್ಲಿ ಕಳೆದು, ಉಳಿದದ್ದು ಯಾವ ಲೋಹ ಅಂತ ಕೇಳಿಕೊಳ್ಳಲು ಶುರು ಮಾಡಿದ ಮೇಲೆ.

ಅಪರಂಜಿ ಚಿನ್ನ, ಅಂದರೆ 24 ಕ್ಯಾರೆಟ್, ತೀರಾ ಮೆತ್ತಗೆ. ಬಳೆ ಮಾಡಿದರೆ ಸೊಟ್ಟಗಾಗುತ್ತದೆ, ಸರದ ಕೊಂಡಿ ಬೇಗ ಸವೆಯುತ್ತದೆ. ಅದಕ್ಕೇ ತಾಮ್ರ, ಬೆಳ್ಳಿ ಬೆರೆಸುತ್ತಾರೆ. 24 ಪಾಲಿನಲ್ಲಿ 22 ಪಾಲು ಚಿನ್ನವಿದ್ದರೆ 22 ಕ್ಯಾರೆಟ್, ಸಾವಿರದ ಲೆಕ್ಕದಲ್ಲಿ 916. 18 ಅಂದರೆ 750. ವಜ್ರದ ಕ್ಯಾರೆಟ್ ಬೇರೆಯೇ. ಅದು ತೂಕ, 0.2 ಗ್ರಾಂ. ಎರಡನ್ನೂ ಕಲಸಬೇಡಿ.

ನಾನು ಎಡವಿದ ಲೆಕ್ಕ ಇದು. 10 ಗ್ರಾಂ ಅಪರಂಜಿಯನ್ನು 18 ಕ್ಯಾರೆಟ್ ಮಾಡಲು ಎಷ್ಟು ಬೆರಕೆ ಬೇಕು? ನೂರಕ್ಕೆ 25 ತಾನೇ ಅಂತ 2.5 ಗ್ರಾಂ ಬರೆದೆ. ಆಗ ಒಟ್ಟು 12.5 ಗ್ರಾಂ, ಚಿನ್ನ ನೂರಕ್ಕೆ 80 ಆಗಿಬಿಡುತ್ತದೆ! 25 ಅನ್ನುವುದು ಕೊನೆಯ ತೂಕದ ಮೇಲೆ, ಕೈಯಲ್ಲಿರುವ ಚಿನ್ನದ ಮೇಲಲ್ಲ. 10ನ್ನು 0.75ರಿಂದ ಭಾಗಿಸಿದರೆ 13.33. ಹಾಗಾಗಿ ಬೆರಕೆ 3.33 ಗ್ರಾಂ. 22 ಕ್ಯಾರೆಟ್‌ಗೆ ಸುಮಾರು 0.92 ಗ್ರಾಂ ಸಾಕು.

ಬಣ್ಣ ಬರುವುದೂ ಬೆರಕೆಯಿಂದಲೇ. ತಾಮ್ರ ಜಾಸ್ತಿಯಾದರೆ ಗುಲಾಬಿ ಚಿನ್ನ. ಪಲ್ಲೇಡಿಯಮ್ ಅಥವಾ ನಿಕಲ್ ಸೇರಿಸಿದರೆ ಬಿಳಿ ಚಿನ್ನ. ಅದು ನಿಜಕ್ಕೂ ಪೂರ್ತಿ ಬಿಳಿಯಲ್ಲ. ಸಾಮಾನ್ಯವಾಗಿ ಮೇಲೆ ರೋಡಿಯಮ್ ಎಂಬ ಬಿಳಿ ಲೋಹ ಲೇಪಿಸಿರುತ್ತಾರೆ. ಅದು ಸವೆದಾಗ ಒಳಗಿನ ಹಳದಿ ಛಾಯೆ ಇಣುಕುತ್ತದೆ, ಮತ್ತೆ ಲೇಪಿಸಬೇಕು. ನಿಕಲ್ ಕೆಲವರ ಚರ್ಮಕ್ಕೆ ಆಗುವುದಿಲ್ಲ, ತುರಿಕೆ ಬರುತ್ತದೆ.

ಈಗ ‘ಕೆಡಿಎಂ’. ಇದನ್ನು ಶುದ್ಧತೆಯ ಹೆಸರು ಅಂದುಕೊಂಡವರು ನಮ್ಮ ಮನೆಯಲ್ಲೇ ಇದ್ದಾರೆ. ಅದು ಕ್ಯಾಡ್ಮಿಯಮ್ ಎಂಬ ಲೋಹ ಬೆರೆಸಿದ ಬೆಸುಗೆಯ ಹೆಸರು. ಬೆಸುಗೆ ಒಡವೆಗಿಂತ ಮೊದಲು ಕರಗಬೇಕು, ಇಲ್ಲದಿದ್ದರೆ ಒಡವೆಯೇ ಕರಗಿಹೋಗುತ್ತದೆ. ಹಿಂದೆ ಇದಕ್ಕಾಗಿ ಬೆಸುಗೆಯಲ್ಲಿ ಬೆಳ್ಳಿ, ತಾಮ್ರ ಜಾಸ್ತಿ ಹಾಕುತ್ತಿದ್ದರು. ಆ ಒಡವೆ ಕರಗಿಸಿದರೆ ಒಟ್ಟಾರೆ ಶುದ್ಧತೆ ಇಳಿಯುತ್ತಿತ್ತು. ಕ್ಯಾಡ್ಮಿಯಮ್ ಸ್ವಲ್ಪವೇ ಹಾಕಿದರೂ ಬೆಸುಗೆ ಬೇಗ ಕರಗುತ್ತದೆ. ಕ್ಯಾಡ್ಮಿಯಮ್ 767 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುತ್ತದೆ, ಚಿನ್ನ ಕರಗುವುದು 1064ಕ್ಕೆ. ಹಾಗಾಗಿ ಒಡವೆ ಕರಗಿಸುವಾಗ ಕ್ಯಾಡ್ಮಿಯಮ್ ಹೊಗೆಯಾಗಿ ಹೋಗುತ್ತದೆ, ಶುದ್ಧತೆ ಉಳಿಯುತ್ತದೆ. ಗಿರಾಕಿಗೆ ಲಾಭ, ಸರಿ. ಆದರೆ ಆ ಹೊಗೆ ಹೋಗುತ್ತಿದ್ದದ್ದು ಅಕ್ಕಸಾಲಿಗರ ಎದೆಯೊಳಕ್ಕೆ, ಅಲ್ವಾ? ಅದು ವಿಷ. ಈಗ ಸತು ಮುಂತಾದವು ಬಂದಿವೆ.

ಪ್ಲಾಟಿನಂನಲ್ಲಿ ಬೆರಕೆ ಕಡಿಮೆ. 950 ಅಂದರೆ ಸಾವಿರಕ್ಕೆ 50 ಪಾಲು ಮಾತ್ರ ಬೇರೆ ಲೋಹ. ಲೇಪನವಿಲ್ಲದೆಯೇ ಬಿಳಿ. ಕರಗಲು 1768 ಡಿಗ್ರಿ ಬೇಕು, ಅದಕ್ಕೇ ಕೆಲಸದ ಖರ್ಚೂ ಹೆಚ್ಚು. ಅದೇ ಅಳತೆಯ 18 ಕ್ಯಾರೆಟ್ ಚಿನ್ನದ ಉಂಗುರಕ್ಕಿಂತ ಸುಮಾರು ಮೂರನೇ ಒಂದು ಪಾಲು ಜಾಸ್ತಿ ತೂಗುತ್ತದೆ.

ಬೆಳ್ಳಿಯದು 925, ಉಳಿದ 75 ಹೆಚ್ಚಾಗಿ ತಾಮ್ರ. ಕಾಲುಂಗುರ ಕಪ್ಪಾದರೆ ಬೆಳ್ಳಿ ಕಳಪೆ ಅಂತ ಸುಮ್ನೆ ಬೈಯುತ್ತೇವೆ. ಗಾಳಿಯಲ್ಲಿನ ಗಂಧಕದ ಅನಿಲ ತಾಗಿದರೆ ಶುದ್ಧ ಬೆಳ್ಳಿಯೂ ಕಪ್ಪಾಗುತ್ತದೆ. ಆ ಕಪ್ಪು ಬೆಳ್ಳಿಯ ಸಲ್ಫೈಡ್. ಮೊಟ್ಟೆಗೆ ಬೆಳ್ಳಿ ಚಮಚ ಬಳಸಿದರೆ ಇದನ್ನು ಕಣ್ಣಾರೆ ನೋಡಬಹುದು.

ಇನ್ನು ಅಂಗಡಿಯಲ್ಲಿ. ಒರೆಗಲ್ಲಿನ ಗೆರೆ ಓದಲು ಅನುಭವ ಬೇಕು, ನಮ್ಮಂಥವರಿಗೆ ಹಾಲ್‌ಮಾರ್ಕ್, ಅಂದರೆ ಶುದ್ಧತೆ ಪರೀಕ್ಷಿಸಿ ಒತ್ತಿದ ಮುದ್ರೆ, ಸುಲಭ. ಚಿನ್ನದ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು, 22ಕೆ916 ಎಂಬಂಥ ಶುದ್ಧತೆ, ಜೊತೆಗೆ ಅಕ್ಷರ-ಅಂಕಿ ಸೇರಿದ 6 ಸ್ಥಾನದ ಎಚ್‌ಯುಐಡಿ, ಅಂದರೆ ಆ ಒಂದು ಒಡವೆಗೇ ಕೊಟ್ಟ ಗುರುತಿನ ಸಂಖ್ಯೆ, ಇರಬೇಕು. 2023ರ ಏಪ್ರಿಲ್ 1ರಿಂದ ಎಚ್‌ಯುಐಡಿ ಇಲ್ಲದ ಹಾಲ್‌ಮಾರ್ಕ್ ಒಡವೆಯನ್ನು ಅಂಗಡಿಯವರು ಮಾರುವಂತಿಲ್ಲ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಒಡವೆಯ ವಿವರ ಬರುತ್ತದೆ. ಅಕ್ಷರ ಬಲು ಸಣ್ಣದು, ಅಂಗಡಿಯವರ ಭೂತಗನ್ನಡಿ ಕೇಳಿ ಇಸಿದುಕೊಳ್ಳಿ.