ಫ್ಯಾನಿಗೂ ರೆಗ್ಯುಲೇಟರ್, ಬ್ಯಾಂಕಿಗೂ ರೆಗ್ಯುಲೇಟರ್: ಎರಡೂ ಒಂದೇನಾ?

ಪ್ರಶ್ನೆ: ಫ್ಯಾನಿಗೆ ರೆಗ್ಯುಲೇಟರ್ ಇದೆ, ಗ್ಯಾಸ್ ಸಿಲಿಂಡರಿಗೂ ಇದೆ. ಪೇಪರಿನಲ್ಲಿ ರಿಸರ್ವ್ ಬ್ಯಾಂಕನ್ನೂ ರೆಗ್ಯುಲೇಟರ್ ಅಂತ ಬರೀತಾರೆ. ಮಕ್ಕಳ ಜೀವಶಾಸ್ತ್ರದ ಪಾಠದಲ್ಲಿ ‘ರಕ್ತದ ಸಕ್ಕರೆಯ ನಿಯಂತ್ರಣ’ ಅಂತ ಇರುತ್ತೆ. ಇವೆಲ್ಲ ಬೇರೆ ಬೇರೆಯೋ ಅಥವಾ ಒಂದೇ ಕೆಲಸವೋ?

ಉತ್ತರ: ಫ್ಯಾನಿನದೊಂದನ್ನು ಬಿಟ್ಟರೆ ಉಳಿದವೆಲ್ಲ ಒಂದೇ ಜಾತಿಯವು. ಏನಾಗುತ್ತಿದೆ ಎಂದು ಅಳೆಯುವುದು, ಎಷ್ಟಿರಬೇಕಿತ್ತೋ ಅದಕ್ಕೆ ಹೋಲಿಸುವುದು, ವ್ಯತ್ಯಾಸ ಕಂಡರೆ ಸರಿಪಡಿಸುವುದು, ಮತ್ತೆ ಅಳೆಯುವುದು. ಈ ಸುತ್ತು ಎಲ್ಲಿ ನಡೆಯುತ್ತದೋ ಅಲ್ಲಿ ನಿಜವಾದ ನಿಯಂತ್ರಣವಿದೆ.

ಫ್ಯಾನಿನ ರೆಗ್ಯುಲೇಟರ್ ಏನನ್ನೂ ಅಳೆಯುವುದಿಲ್ಲ. ಮೂರಕ್ಕೆ ತಿರುಗಿಸಿದರೆ ಮೂರರಲ್ಲೇ ಕೂತಿರುತ್ತದೆ. ಸಂಜೆ ವೋಲ್ಟೇಜ್ ಇಳಿದು ರೆಕ್ಕೆ ನಿಧಾನವಾದರೂ ಅದಕ್ಕೆ ಗೊತ್ತಾಗದು. ಅದನ್ನು ನೋಡಿ ಎದ್ದು ಹೋಗಿ ನಾಲ್ಕಕ್ಕೆ ತಿರುಗಿಸುವವರು ನೀವು. ಅಂದರೆ ಆ ಕೋಣೆಯ ನಿಜವಾದ ರೆಗ್ಯುಲೇಟರ್ ನೀವೇ. (ಸ್ಪೀಡ್ ಕಡಿಮೆ ಮಾಡಿದರೆ ಕರೆಂಟ್ ಉಳಿಯುತ್ತದೆಯೇ ಎಂದೂ ಹಲವರು ಕೇಳುತ್ತಾರೆ. ತಂತಿಸುರುಳಿಯಿದ್ದ ಹಳೆಯ ದಪ್ಪ ಡಬ್ಬಿ ಒಂದಷ್ಟು ಕರೆಂಟನ್ನು ಬಿಸಿಯಾಗಿ ಹಾಳುಮಾಡುತ್ತಿತ್ತು. ಈಗಿನ ಎಲೆಕ್ಟ್ರಾನಿಕ್ ರೆಗ್ಯುಲೇಟರಿನಲ್ಲಿ ಉಳಿತಾಯ ಖಂಡಿತ ಇದೆ.)

ಗ್ಯಾಸಿನ ರೆಗ್ಯುಲೇಟರ್ ಹಾಗಲ್ಲ, ಅದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಸಿಲಿಂಡರಿನೊಳಗೆ ಅನಿಲ ದ್ರವರೂಪದಲ್ಲಿರುತ್ತದೆ. ಒಳಗಿನ ಒತ್ತಡ ಹವಾಮಾನದ ಜತೆ ಏರಿಳಿಯುತ್ತದೆ: ಚಳಿಯ ಬೆಳಗ್ಗೆ ಕಡಿಮೆ, ಏಪ್ರಿಲ್ ಮಧ್ಯಾಹ್ನ ಬಹಳ ಹೆಚ್ಚು. ಒಲೆಗೆ ಬೇಕಾದದ್ದು ಮಾತ್ರ ಸುಮಾರು 30 ಮಿಲಿಬಾರ್, ಅಂದರೆ ಸುತ್ತಲಿನ ಗಾಳಿಯ ಒತ್ತಡಕ್ಕಿಂತ ಶೇ 3ರಷ್ಟು ಹೆಚ್ಚು, ಅಷ್ಟೇ. ಈ ಎರಡರ ನಡುವೆ ನಿಂತಿರುವುದು ಅಂಗೈಯಗಲದ ಡಬ್ಬಿಯೊಳಗಿನ ಒಂದು ರಬ್ಬರ್ ಪೊರೆ. ಪೊರೆಯ ಮೇಲೊಂದು ಸ್ಪ್ರಿಂಗ್, ಕೆಳಗೆ ಅನಿಲದ ದಾರಿಯನ್ನು ತೆರೆದು ಮುಚ್ಚುವ ಸಣ್ಣ ಸನ್ನೆಕೋಲು. ನೀವು ಎರಡನೇ ಬರ್ನರ್ ಹಚ್ಚಿದ ಕೂಡಲೇ ಒಳಗಿನ ಒತ್ತಡ ತುಸು ಇಳಿಯುತ್ತದೆ. ಸ್ಪ್ರಿಂಗ್ ಪೊರೆಯನ್ನು ಕೆಳಗೆ ತಳ್ಳುತ್ತದೆ, ದಾರಿ ಅಗಲವಾಗಿ ಹೆಚ್ಚು ಅನಿಲ ಬರುತ್ತದೆ. ಬರ್ನರ್ ಆರಿಸಿದರೆ ಒತ್ತಡ ಏರಿ ಪೊರೆ ಮೇಲೇಳುತ್ತದೆ, ದಾರಿ ಕಿರಿದಾಗುತ್ತದೆ. ಬ್ಯಾಟರಿಯಿಲ್ಲ, ಮೀಟರಿಲ್ಲ. ಆ ಪೊರೆಯೇ ಅಳೆಯುವುದು, ಅದೇ ಸರಿಪಡಿಸುವುದು.

ರೆಗ್ಯುಲೇಟರಿನ ಗುಬ್ಬಿ ಉರಿಯನ್ನು ಹೆಚ್ಚು ಕಡಿಮೆ ಮಾಡಲು ಇರುವುದಲ್ಲ. ಅದು ಆನ್ ಮತ್ತು ಆಫ್ ಮಾತ್ರ. ಹೋಟೆಲುಗಳ ದೊಡ್ಡ ಒಲೆಗೆ ಬಳಸುವ ಹೈ ಪ್ರೆಶರ್ ರೆಗ್ಯುಲೇಟರನ್ನು ‘ಉರಿ ಚೆನ್ನಾಗಿ ಬರುತ್ತೆ’ ಎಂದು ಮನೆಯ ಒಲೆಗೆ ಹಾಕಬೇಡಿ. ಮನೆಯ ಪೈಪು, ಒಲೆ ಎರಡೂ ಆ ಒತ್ತಡಕ್ಕೆ ತಯಾರಾದವಲ್ಲ.

ಇದೇ ಕೆಲಸ ನಮ್ಮ ದೇಹದಲ್ಲಿ ಹಗಲೂ ರಾತ್ರಿ ನಡೆಯುತ್ತದೆ. ಊಟವಾದ ಮೇಲೆ ರಕ್ತದಲ್ಲಿ ಸಕ್ಕರೆ ಏರಿದ್ದನ್ನು ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳು ಗುರುತಿಸಿ, ಸಕ್ಕರೆ ಇಳಿಸುವ ಇನ್ಸುಲಿನ್ ಬಿಡುತ್ತವೆ. ಉಪವಾಸದಲ್ಲಿ ಸಕ್ಕರೆ ಇಳಿದರೆ ಅದೇ ಗ್ರಂಥಿಯ ಆಲ್ಫಾ ಕೋಶಗಳು ಗ್ಲುಕಗಾನ್ ಎಂಬ ಹಾರ್ಮೋನ್ ಬಿಟ್ಟು ಯಕೃತ್ತಿನ ಸಕ್ಕರೆ ದಾಸ್ತಾನನ್ನು ಹೊರಗೆ ತರಿಸುತ್ತವೆ. ಒಂದನೇ ಬಗೆಯ ಮಧುಮೇಹದಲ್ಲಿ ಬೀಟಾ ಕೋಶಗಳೇ ನಾಶವಾಗಿರುತ್ತವೆ. ಎರಡನೇ ಬಗೆಯಲ್ಲಿ ಮೊದಮೊದಲು ಇನ್ಸುಲಿನ್ ಬರುತ್ತಲೇ ಇರುತ್ತದೆ, ಆದರೆ ದೇಹದ ಕೋಶಗಳು ಅದರ ಮಾತು ಕೇಳುವುದಿಲ್ಲ. ಸುತ್ತು ಎಲ್ಲಿ ತುಂಡಾಗಿದೆ ಎಂಬುದರ ಮೇಲೆಯೇ ಚಿಕಿತ್ಸೆ ನಿಂತಿದೆ. ದೇಹದ ಈ ಸಮತೋಲನಕ್ಕೆ ಅಮೆರಿಕದ ಶರೀರವಿಜ್ಞಾನಿ ವಾಲ್ಟರ್ ಕ್ಯಾನನ್ 1926ರಲ್ಲಿ ‘ಹೋಮಿಯೋಸ್ಟಾಸಿಸ್’ ಎಂದು ಹೆಸರಿಟ್ಟರು.

ಎಂಜಿನಿಯರುಗಳು ಕಂಡುಕೊಂಡ ಇನ್ನೊಂದು ಸತ್ಯ ಕಾನೂನಿನ ಕಡೆಗೂ ಬೇಕಾಗುತ್ತದೆ. 1788ರಲ್ಲಿ ಜೇಮ್ಸ್ ವಾಟ್ ಉಗಿ ಎಂಜಿನ್ನಿಗೆ ಗವರ್ನರ್ ಎಂಬ ಸಾಧನ ಜೋಡಿಸಿದ. ವೇಗ ಹೆಚ್ಚಾದರೆ ಸುತ್ತುವ ಎರಡು ಗುಂಡುಗಳು ಅಗಲಕ್ಕೆ ಚಾಚಿ ಉಗಿಯ ದಾರಿ ಕಿರಿದು ಮಾಡುತ್ತಿದ್ದವು. ಆದರೆ ಇಂಥ ಗವರ್ನರುಗಳಿದ್ದ ಕೆಲವು ಎಂಜಿನ್ನುಗಳು ಒಂದು ವೇಗಕ್ಕೆ ನಿಲ್ಲದೆ ಏರುತ್ತ ಇಳಿಯುತ್ತ ಒದ್ದಾಡುತ್ತಿದ್ದವು. ಹೀಗೇಕಾಗುತ್ತದೆಂದು 1868ರಲ್ಲಿ ಗಣಿತದಿಂದ ವಿವರಿಸಿದವರು ಭೌತವಿಜ್ಞಾನಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್. ಸರಿಪಡಿಸುವ ಕೆಲಸ ತಡವಾಗಿ ತಲುಪಿದರೆ ನಿಯಂತ್ರಣವೇ ತೊಂದರೆ ಕೊಡುತ್ತದೆ. ಗೀಸರ್ ದೂರವಿರುವ ಬಚ್ಚಲಿನಲ್ಲಿ ಬಿಸಿನೀರು ಬರಲಿಲ್ಲವೆಂದು ನಲ್ಲಿ ತಿರುಗಿಸುತ್ತಲೇ ಹೋದರೆ ಆಮೇಲೆ ಒಮ್ಮೆಲೇ ಮೈ ಸುಡುತ್ತದಲ್ಲ, ಹಾಗೆ.

ರಿಸರ್ವ್ ಬ್ಯಾಂಕಿನ ಕಷ್ಟವೂ ಇಂಥದ್ದೇ. 2016ರ ಕಾಯ್ದೆ ತಿದ್ದುಪಡಿಯ ಪ್ರಕಾರ ಸರ್ಕಾರ ಅದಕ್ಕೆ ಒಂದು ಗುರಿ ಕೊಟ್ಟಿದೆ: ಚಿಲ್ಲರೆ ಹಣದುಬ್ಬರ ಶೇ 4 ಇರಬೇಕು, ಶೇ 2ಕ್ಕಿಂತ ಇಳಿಯಬಾರದು, ಶೇ 6 ದಾಟಬಾರದು. ಆರು ಮಂದಿಯ ಹಣಕಾಸು ನೀತಿ ಸಮಿತಿ ಬೆಲೆಗಳ ಅಂಕಿಅಂಶ ನೋಡಿ ರೆಪೊ ದರ (ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕು ಕೊಡುವ ಸಾಲದ ಬಡ್ಡಿ) ತಿರುಗಿಸುತ್ತದೆ. ಅದರ ಪರಿಣಾಮ ನಮ್ಮ ಸಾಲದ ಕಂತು, ವ್ಯಾಪಾರ, ಬೆಲೆಗಳನ್ನು ಮುಟ್ಟಲು ತಿಂಗಳುಗಟ್ಟಲೆ ಹಿಡಿಯುತ್ತದೆ. 2022ರ ಮೇ ತಿಂಗಳಲ್ಲಿ ಶೇ 4 ಇದ್ದ ದರ 2023ರ ಫೆಬ್ರುವರಿಗೆ ಶೇ 6.5ಕ್ಕೆ ಏರಿತು. ಸತತ ಮೂರು ತ್ರೈಮಾಸಿಕ ಗುರಿ ತಪ್ಪಿದರೆ ಏಕೆ ತಪ್ಪಿತೆಂದು ಬ್ಯಾಂಕು ಸರ್ಕಾರಕ್ಕೆ ಬರೆದುಕೊಡಬೇಕು. 2022ರಲ್ಲಿ ಹಾಗೆ ಬರೆದುಕೊಡಬೇಕಾಗಿಯೂ ಬಂತು. ನಿಯಂತ್ರಿಸುವವರನ್ನೂ ಅಳೆಯುವ ಈ ಏರ್ಪಾಡು ನನಗೆ ಬಹಳ ಮುಖ್ಯವೆನಿಸುತ್ತದೆ.

ಕಾನೂನಿನ ನಿಯಂತ್ರಣವೆಂದರೆ ತಡೆ, ದಂಡ, ಪರ್ಮಿಟ್ಟು ಎಂದಷ್ಟೇ ತಿಳಿಯುವವರು ಬಹಳ. ನಿಮ್ಮ ಕರೆಂಟ್ ಬಿಲ್ಲನ್ನೇ ತೆಗೆದುಕೊಳ್ಳಿ. ಯೂನಿಟ್ಟಿಗೆ ಎಷ್ಟು ಪೈಸೆ ಎಂದು ಸಂಸತ್ತು ಕೂತು ಲೆಕ್ಕ ಹಾಕಲಾಗದು. 2003ರ ವಿದ್ಯುಚ್ಛಕ್ತಿ ಕಾಯ್ದೆ ಆ ಕೆಲಸವನ್ನು ರಾಜ್ಯದ ಆಯೋಗಕ್ಕೆ ಒಪ್ಪಿಸಿದೆ. ನಮ್ಮಲ್ಲಿ ಅದು ಕೆಇಆರ್‌ಸಿ, ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ. ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂಗಳು ದರ ಏರಿಸಲು ಅರ್ಜಿ ಹಾಕಿದರೆ ಅದನ್ನು ಪ್ರಕಟಿಸಬೇಕು. ಸಾರ್ವಜನಿಕರ ಸಲಹೆ, ಆಕ್ಷೇಪಣೆಗಳನ್ನು ಪರಿಗಣಿಸಿಯೇ ಆಯೋಗ ಆದೇಶ ಹೊರಡಿಸಬೇಕು. ಕಂಪನಿಗಳು ತಮ್ಮ ನಷ್ಟದ ಲೆಕ್ಕವನ್ನು ತಪ್ಪದೆ ಕೊಡುತ್ತವೆ. ಪಂಪ್‌ಸೆಟ್ ಸುಟ್ಟ ರೈತನ, ದಿನಕ್ಕೆ ಹತ್ತು ಸಲ ಕರೆಂಟ್ ಹೋಗುವ ಹಿಟ್ಟಿನ ಗಿರಣಿಯವನ ಲೆಕ್ಕವನ್ನು ಆ ಬಳಕೆದಾರರೇ ತಂದುಕೊಡದಿದ್ದರೆ ಆಯೋಗಕ್ಕೆ ಅರ್ಧ ಚಿತ್ರವೇ ಸಿಗುತ್ತದೆ.

ದರ ಏರಿಕೆಯ ಅರ್ಜಿಯ ನೋಟಿಸು ಪತ್ರಿಕೆಗಳಲ್ಲಿ ಬಂದಾಗ ಎತ್ತಿಟ್ಟುಕೊಳ್ಳಿ. ಆಕ್ಷೇಪಣೆಯ ಗಡುವು, ಕಳಿಸಬೇಕಾದ ವಿಳಾಸ ಅದರಲ್ಲೇ ಇರುತ್ತವೆ. ಬಳಕೆದಾರರು ತಾವೇ ಬರೆದು ಸಲ್ಲಿಸಬಹುದು, ವಿಚಾರಣೆಯ ದಿನ ಹೋಗಿ ಮಾತನಾಡಬಹುದು. ಹಳೆಯ ಬಿಲ್ಲುಗಳನ್ನೂ ಕರೆಂಟ್ ಹೋದ ದಿನ, ಹೊತ್ತು ಗುರುತು ಹಾಕಿಕೊಂಡ ಪಟ್ಟಿಯನ್ನೂ ಜತೆಗೊಯ್ಯಿರಿ.