ಬಿ.ಕಾಂ ಮುಗಿಸಿದ ಮಗಳನ್ನು ‘ಕಾಲ್ ಸೆಂಟರಿಗೆ’ ಕಳಿಸಬೇಕಾ?

ಪ್ರಶ್ನೆ: ಮಗಳು ಹಾಸನದಲ್ಲಿ ಬಿ.ಕಾಂ ಮುಗಿಸಿದ್ದಾಳೆ. ಬೆಂಗಳೂರಿನ ಒಂದು ಬಿಪಿಒದಲ್ಲಿ, ಅಂದರೆ ಬೇರೆ ಕಂಪನಿಗಳ ಕೆಲಸ ಹೊರಗುತ್ತಿಗೆ ತಗೊಂಡು ಮಾಡಿಕೊಡುವ ಕಂಪನಿಯಲ್ಲಿ, ಕೆಲಸ ಸಿಕ್ಕಿದೆ, ವರ್ಷಕ್ಕೆ 3 ಲಕ್ಷವಂತೆ. ಎಂ.ಕಾಂ ಸೀಟೂ ಸಿಗುತ್ತದೆ. ‘ಇಷ್ಟು ಓದಿಸಿ ಕಾಲ್ ಸೆಂಟರಿಗೆ ಕಳಿಸ್ತೀಯಾ’ ಅಂತ ನೆಂಟರು ಕೇಳುತ್ತಾರೆ. ಏನು ಮಾಡಲಿ?

ಉತ್ತರ: ನಿಮ್ಮ ನೆಂಟರ ತಲೆಯಲ್ಲಿರುವ ಬಿಪಿಒ ಇಪ್ಪತ್ತು ವರ್ಷ ಹಳೆಯದು. ಹೆಡ್‌ಫೋನ್ ಸಿಕ್ಕಿಸಿಕೊಂಡು, ಲಕ್ಷ್ಮಿ ಹೋಗಿ ಲೂಸಿಯಾಗಿ, ಯಾರದೋ ಕ್ರೆಡಿಟ್ ಕಾರ್ಡಿನ ಸಿಟ್ಟಿಗೆ ಬೈಗುಳ ತಿನ್ನುವ ಕೆಲಸ. ಅದು ಈಗಲೂ ಇದೆ, ‘ವಾಯ್ಸ್ ಪ್ರೋಸೆಸ್’ ಅನ್ನುತ್ತಾರೆ. ಆದರೆ ಬಿ.ಕಾಂ ಮಕ್ಕಳನ್ನು ಹುಡುಕಿಕೊಂಡು ಕರೆಯುವುದು ಜಾಸ್ತಿ ಲೆಕ್ಕದ ಕೆಲಸಕ್ಕೆ. ಹಾಗಾಗಿ ಸಂಬಳಕ್ಕಿಂತ ಮೊದಲು ಕೇಳಬೇಕಾದ್ದು ಒಂದೇ: ಯಾವ ಪ್ರೋಸೆಸ್, ಅಂದರೆ ಯಾವ ಬಗೆಯ ಕೆಲಸ?

ಹನ್ನೆರಡು ವರ್ಷ ನಾನೂ ಇದೇ ಕೆಲಸದಲ್ಲಿದ್ದೆ. ಒಂದು ಬಿಲ್ಲಿನ ಕಥೆ ಹೇಳುತ್ತೇನೆ. ಜರ್ಮನಿಯ ಒಂದು ಕಾರ್ಖಾನೆ 500 ಬೇರಿಂಗ್ ತರಿಸಿತು ಅಂತಿಟ್ಟುಕೊಳ್ಳಿ. ಮಾಲು ಕೊಟ್ಟವನ ಬಿಲ್ ಬಂದು ನಿಲ್ಲುವುದು ಎಲೆಕ್ಟ್ರಾನಿಕ್ ಸಿಟಿಯ ಒಂದು ಸ್ಕ್ರೀನಿನ ಮೇಲೆ. ಅಲ್ಲಿ ಕೂತ ಹುಡುಗಿ ಮೂರು ಲೆಕ್ಕ ತಾಳೆ ನೋಡುತ್ತಾಳೆ. ಆರ್ಡರ್ ಎಷ್ಟಕ್ಕೆ ಕೊಟ್ಟಿದ್ದರು? ಗೋಡೌನಿಗೆ ಬಂದದ್ದೆಷ್ಟು? ಬಿಲ್ ಎಷ್ಟಕ್ಕಿದೆ? ಮೂರೂ ಸರಿಯಿದ್ದರೆ ದುಡ್ಡು ಹೋಗುತ್ತದೆ. ಬಂದದ್ದು 480, ಬಿಲ್ ಮಾತ್ರ 500ಕ್ಕೆ ಅಂದರೆ ತಡೆದು, ಮೇಲ್ ಹಾಕಿ, ಉತ್ತರ ಬರುವವರೆಗೆ ಬೆನ್ನು ಹತ್ತಬೇಕು. ಇದೇ ಅಕೌಂಟ್ಸ್ ಪೇಯಬಲ್, ಎಲ್ಲರ ಬಾಯಲ್ಲಿ ‘ಎಪಿ’.

ಈಗಿನ ವಿಷಯ ಏನೆಂದರೆ, ಎಲ್ಲ ಸರಿಯಿರುವ ಬಿಲ್ಲುಗಳನ್ನು ಹೆಚ್ಚಿನ ಕಡೆ ಸಾಫ್ಟ್‌ವೇರೇ ಪಾಸ್ ಮಾಡಿಬಿಡುತ್ತದೆ. ಮನುಷ್ಯರ ಪಾಲಿಗೆ ಉಳಿಯುವುದು ಆ 20 ಬೇರಿಂಗಿನ ತಕರಾರು. ಸುಮ್ನೆ ನಂಬರ್ ಟೈಪ್ ಮಾಡುವ ಕೆಲಸಕ್ಕೆ ಸೇರಿದರೆ ಎರಡು ವರ್ಷದಲ್ಲಿ ಕೂತಲ್ಲೇ ಕೂತಿರುತ್ತಾಳೆ, ಇಲ್ಲವೇ ಕೆಲಸವೇ ಹೋಗಿರುತ್ತದೆ. ತಕರಾರು ಬಿಡಿಸುವುದನ್ನು ಕಲಿತವಳು ಅಲ್ಲಿಂದ ತಿಂಗಳ ಕೊನೆಯ ಲೆಕ್ಕ ಮುಗಿಸುವ ಟೀಮಿಗೆ ಹೋಗಬಹುದು. ಅದು ನಿಜವಾದ ಅಕೌಂಟ್ಸ್. ಹಾಗೆ ಹೋದವರನ್ನು ನೋಡಿದ್ದೇನೆ. ಹೋಗಲಾರದೆ ಉಳಿದವರನ್ನೂ.

ಈ ಕೆಲಸ ನಮ್ಮ ಕಡೆ ಬಂದದ್ದು ಮೊದಲು ಖರ್ಚು ಕಮ್ಮಿ ಅಂತ. 2002ರಲ್ಲಿ ಇನ್ಫೋಸಿಸ್ ಇದಕ್ಕೆಂದೇ ‘ಪ್ರೋಜಿಯಾನ್’ ಅಂತ ಬೇರೆ ಕಂಪನಿ ಶುರುಮಾಡಿತು, ಈಗಿನ ಇನ್ಫೋಸಿಸ್ ಬಿಪಿಎಂ ಅದೇ. ಈಚೆಗೆ ವಿದೇಶಿ ಕಂಪನಿಗಳು ಹೊರಗುತ್ತಿಗೆ ಕೊಡುವ ಬದಲು ಇಲ್ಲಿ ತಮ್ಮದೇ ಆಫೀಸು ತೆರೆಯುವುದು ಜಾಸ್ತಿಯಾಗಿದೆ. ಅದಕ್ಕೆ ಜಿಸಿಸಿ ಅನ್ನುತ್ತಾರೆ. ದೇಶದಲ್ಲಿ ಇಂಥವು 1,700ಕ್ಕಿಂತ ಹೆಚ್ಚಿವೆ, ಬೆಂಗಳೂರಿನಲ್ಲೇ ಎಲ್ಲಕ್ಕಿಂತ ಹೆಚ್ಚು. 2029ರೊಳಗೆ ಇನ್ನೂ 500 ತರಬೇಕು ಅಂತ ನಮ್ಮ ಸರ್ಕಾರ 2024ರಲ್ಲಿ ನೀತಿಯನ್ನೇ ಮಾಡಿದೆ. ಬಿಪಿಒದಲ್ಲಿ ಎರಡು ಮೂರು ವರ್ಷ ಪಳಗಿದವರಿಗೆ ಅಲ್ಲಿ ಬಾಗಿಲು ತೆರೆದಿರುತ್ತದೆ.

ಇನ್ನು ಎಂ.ಕಾಂ. ಮಗಳಿಗೆ ಲೆಕ್ಚರರ್ ಆಗುವ ಆಸೆ ಇದ್ದರೆ ಬೇರೆ ಮಾತೇ ಬೇಡ, ಓದಲಿ. ಲೆಕ್ಚರರ್ ಅರ್ಹತೆಗೆ ಕೆ-ಸೆಟ್, ನೆಟ್ ಪರೀಕ್ಷೆ ಬರೆಯಲು ಅದು ಬೇಕೇಬೇಕು. ‘ಸುಮ್ನೆ ಒಂದು ಡಿಗ್ರಿ ಇರಲಿ’ ಅಂತಾದರೆ ನನಗೆ ಒಪ್ಪಿಗೆಯಿಲ್ಲ. ನನ್ನ ಟೀಮಿನಲ್ಲಿ ಹೊಸದಾಗಿ ಬಂದ ಎಂ.ಕಾಂ ಮತ್ತು ಬಿ.ಕಾಂ ಹುಡುಗರು ಅಕ್ಕಪಕ್ಕದ ಕುರ್ಚಿಯಲ್ಲಿ ಅದೇ ಬಿಲ್ ನೋಡುತ್ತಿದ್ದರು. ಬೇಕಾದರೆ ಕೆಲಸ ಮಾಡುತ್ತಲೇ ಮೈಸೂರಿನ ಮುಕ್ತ ವಿಶ್ವವಿದ್ಯಾಲಯದಲ್ಲಿ ಎಂ.ಕಾಂ ಕಟ್ಟಬಹುದು. ಎಸಿಸಿಎ, ಸಿಎಂಎ ಅಂತ ಅಕೌಂಟ್ಸಿನ ವೃತ್ತಿಪರ ಕೋರ್ಸಿಗೆ ಸೇರಿ ಎಂದು ಕೋಚಿಂಗಿನವರು ಫೋನ್ ಮೇಲೆ ಫೋನ್ ಮಾಡುತ್ತಾರೆ. ಕೋರ್ಸು ಒಳ್ಳೆಯದೇ. ಆದರೆ ಒಂದಾರು ತಿಂಗಳು ದುಡಿದು, ಈ ಕೆಲಸ ಕೈಗೆ ಹತ್ತುತ್ತದಾ ನೋಡಿ ಆಮೇಲೆ ಫೀಸು ಕಟ್ಟಿ.

3 ಲಕ್ಷ ಅಂದಿರಲ್ಲ, ಅದು ಸಿಟಿಸಿ, ಅಂದರೆ ಮಗಳಿಗಾಗಿ ಕಂಪನಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು. ಹನ್ನೆರಡರಿಂದ ಭಾಗಿಸಿ 25,000 ಕೈಗೆ ಬರುತ್ತದೆ ಅಂದುಕೊಳ್ಳಬೇಡಿ. ಬೇಸಿಕ್ 12,500 ಇದ್ದರೆ ಕಂಪನಿ ಕಟ್ಟುವ ಪಿಎಫ್ 1,500, ಗ್ರಾಚ್ಯುಯಿಟಿ ಅಂತ ಸುಮಾರು 600, ಎರಡೂ ಅದರೊಳಗೇ ಇರುತ್ತವೆ. ಮಗಳ ಪಾಲಿನ ಪಿಎಫ್ ಇನ್ನೊಂದು 1,500. ಉಳಿದದ್ದು 21,400ರ ಹತ್ತಿರ. ಅದರಲ್ಲಿ ಪಿಜಿ ಬಾಡಿಗೆ, ಊಟ, ಊರಿಗೆ ಬಸ್ಸು. ಮೊದಲ ವರ್ಷ ಮನೆಗೆ ದುಡ್ಡು ಕಳಿಸಲಿ ಅಂತ ಕಾಯಬೇಡಿ.

ಶಿಫ್ಟ್ ಕೂಡ ಕೇಳಿ. ಯುರೋಪಿನ ಕೆಲಸವಾದರೆ ಮಧ್ಯಾಹ್ನ ಶುರುವಾಗಿ ರಾತ್ರಿ ಮುಗಿಯುತ್ತದೆ, ಹೇಗೋ ಆಗುತ್ತದೆ. ನ್ಯೂಯಾರ್ಕಿನಲ್ಲಿ ಬೆಳಗ್ಗೆ 9 ಆದಾಗ ನಮಗೆ ಸಂಜೆ 6.30. ನವೆಂಬರಿನಲ್ಲಿ ಅವರು ಗಡಿಯಾರ ತಿರುಗಿಸಿದರೆ 7.30. ಅವರ ಚಳಿಗಾಲಕ್ಕೆ ನಮ್ಮ ನಿದ್ದೆ ಒಂದು ಗಂಟೆ ಆಚೆ ಹೋಗುತ್ತದೆ! ರಾತ್ರಿ ಪಾಳಿಯ ಹೆಣ್ಣುಮಕ್ಕಳಿಗೆ ಹೋಗಿಬರಲು ಕಂಪನಿಯೇ ಗಾಡಿ ಕೊಡಬೇಕು, ಅದು ನಿಯಮ. ಪಿಜಿ ಬಾಗಿಲಿಗೆ ಬರುತ್ತದಾ, ಮೇನ್ ರೋಡಿಗಾ ಅಂತ ಬಾಯಿಬಿಟ್ಟು ಕೇಳಿ.

ಎಪಿಯೋ ಅದಕ್ಕಿಂತ ಮೇಲಿನದೋ ಆಗಿದ್ದು, ಶಿಫ್ಟ್ ಒಗ್ಗುವಂತಿದ್ದರೆ ಕಳಿಸಿ ಅಂತಲೇ ನಾನು ಹೇಳುವುದು. ಸೇರುವ ದಿನ ಒರಿಜಿನಲ್ ಮಾರ್ಕ್ಸ್ ಕಾರ್ಡ್ ತೋರಿಸಿ, ಜೆರಾಕ್ಸ್ ಕೊಟ್ಟು, ಒರಿಜಿನಲ್ ಬ್ಯಾಗಿಗೆ ಹಾಕಿಕೊಂಡು ಬರಲಿ. ನಾನು ಮೊದಲು ಸೇರಿದ ಕಡೆ ಇಟ್ಟುಕೊಂಡಿದ್ದರು. ಬಿಡಿಸಿಕೊಳ್ಳಲು ಐದು ಸಲ ಅಲೆದೆ, ಐದನೇ ಸಲ ಅಪ್ಪನನ್ನೂ ಕರೆದುಕೊಂಡು ಹೋಗಿದ್ದೆ.